ದಡದಿಂದ ಹಡಗಿಗೆ ವಿದ್ಯುತ್ತು

ಸುಂಟಿಕೊಪ್ಪದಂಥ ಕೊಡಗಿನ ಊರುಗಳಲ್ಲಿ ಬೆಳೆದ ಕಾಫಿಯು ಘಟ್ಟವನ್ನಿಳಿದು, ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗನ್ನೇರುವುದುಂಟು. ಧಕ್ಕೆಗೆ ಕಟ್ಟಿದ ಹಡಗಿನ ಮುಖ್ಯ ಯಂತ್ರವು ನಿಂತಿದ್ದರೂ ಅದರ ಹೊಗೆಯೇಕೆ ನಿಲ್ಲುವುದಿಲ್ಲ? ದೀಪ, ಪಂಪು, ಶೀತಲಕೋಣೆಗಳಿಗೆ ವಿದ್ಯುತ್ತು ಬೇಕು. ಅದಕ್ಕಾಗಿ ಸಹಾಯಕ ಡೀಸೆಲ್ ಯಂತ್ರಗಳು ಹಗಲಿರುಳೂ ಓಡುತ್ತಿರುತ್ತವೆ. ಅವು ಉಗುಳುವ ಗಂಧಕದ ಡೈಆಕ್ಸೈಡು, ನೈಟ್ರೊಜನ್ನಿನ ಆಕ್ಸೈಡುಗಳು ಹಾಗೂ ಮಸಿಕಣಗಳು ಬಂದರಿನ ಕೂಲಿಗಾರರ ಮತ್ತು ನೆರೆಯ ನಿವಾಸಿಗಳ ಶ್ವಾಸಕೋಶಗಳನ್ನು ಸೇರುತ್ತವೆ.

ದಡದಿಂದಲೇ ವಿದ್ಯುತ್ತನ್ನು ಒದಗಿಸಿದರೆ ಈ ಯಂತ್ರಗಳನ್ನು ನಿಲ್ಲಿಸಬಹುದು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರು 2000ದಲ್ಲಿ ಅಧಿಕ ವೋಲ್ಟೇಜಿನ ಇಂಥ ಏರ್ಪಾಡನ್ನು ಮಾಡಿತು. ಆದರೆ ಇದರಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಆವರ್ತಾಂಕ. ನಮ್ಮ ವಿದ್ಯುಜ್ಜಾಲದ್ದು ಸೆಕೆಂಡಿಗೆ 50; ಅನೇಕ ಹಡಗುಗಳದು 60. ಅರವತ್ತರಲ್ಲಿ ಮಿನಿಟಿಗೆ ಸುಮಾರು 1800 ಸುತ್ತು ತಿರುಗುವ ನಾಲ್ಕು ಧ್ರುವಗಳ ಮೋಟಾರು, ಐವತ್ತರಲ್ಲಿ 1500ಕ್ಕೆ ಇಳಿಯುತ್ತದೆ. ಆದುದರಿಂದ ಅಂಥ ಹಡಗುಗಳಿಗಾಗಿ ದಡದಲ್ಲಿ ಆವರ್ತ ಪರಿವರ್ತಕವಿರಬೇಕು.

ಎರಡನೆಯದು ಪ್ರವಾಹ. ಹಡಗಿಗೆ 1000 ಕಿಲೋವ್ಯಾಟ್ ಬೇಕೆನ್ನೋಣ. ಪವರ್ ಫ್ಯಾಕ್ಟರು 0.8 ಇರಲಿ. ಮೂರು ಫೇಸುಗಳ 440 ವೋಲ್ಟಿನಲ್ಲಿ ಕೊಟ್ಟರೆ ಪ್ರವಾಹವು ಸುಮಾರು 1640 ಆಂಪೇರ್. 6600 ವೋಲ್ಟಿನಲ್ಲಿ ಸುಮಾರು 109 ಮಾತ್ರ. ತಂತಿಯಲ್ಲಿ ಉಷ್ಣವಾಗಿ ನಷ್ಟವಾಗುವ ಶಕ್ತಿಯು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಅದೇ ತಂತಿಯಲ್ಲಿ ನಷ್ಟವು 225ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೊಗೆ ನಿಜವಾಗಿ ಅಳಿಯಿತೇ, ಅಥವಾ ಸ್ಥಳ ಬದಲಿಸಿತೇ? ವಿದ್ಯುತ್ತು ಕಲ್ಲಿದ್ದಲಿನದಾದರೆ ಹೊಗೆಯು ಪಣಂಬೂರನ್ನು ಬಿಟ್ಟು ರಾಯಚೂರಿನ ಚಿಮಣಿಯನ್ನೇರಬಹುದು. ಶರಾವತಿಯ ನೀರಿನಿಂದಲೋ ಪಾವಗಡದ ಬಿಸಿಲಿನಿಂದಲೋ ಅದು ಬಂದರೆ ಲಾಭವು ಇಬ್ಬರಿಗೂ ದೊರೆಯುತ್ತದೆ.