ಗಾಳದ ಕೋಲು: ಮನೆಯಲ್ಲೇ ಕಟ್ಟುವ ಬಗೆ



ಬೇಸಿಗೆ ರಜೆ ಬಂತೆಂದರೆ ಮಕ್ಕಳ ಕಾಲು ಕೆರೆಯ ಕಡೆಗೆ ತಿರುಗುತ್ತದೆ. ಕದರಮಂಡಲಗಿ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿನ ಹಳ್ಳಿಗಳಿಗೆ ಇದೇನೂ ಹೊಸದಲ್ಲ. ಒಂದು ಕೋಲು, ಒಂದು ದಾರ, ತುದಿಗೊಂದು ಎರೆಹುಳು ಇದ್ದರೆ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಈಗ ಮಾತ್ರ ಮೊಬೈಲಿನ ಪರದೆಯಲ್ಲಿ ಅಮೆರಿಕದ ಕೆರೆಗಳೂ ಥಳಥಳಿಸುವ ರಾಡುಗಳೂ ಕಾಣುತ್ತವೆ. "ಅಪ್ಪಾ, ಅಂಥಾದ್ದು ಕೊಡಿಸು" ಎಂದು ಮಗ ಹಟ ಹಿಡಿಯುತ್ತಾನೆ. ಹಣವಿದ್ದರೆ ಕೊಡಿಸುವುದು ಸುಲಭ. ಆದರೆ ತಂದ ವಸ್ತು ನಮ್ಮ ನೀರಿಗೆ, ನಮ್ಮ ಮೀನಿಗೆ ಒಪ್ಪುತ್ತದೆಯೇ? ಅದಕ್ಕಿಂತ ಅಪ್ಪ ಮಕ್ಕಳು ಜೊತೆಗೆ ಕುಳಿತು ಮನೆಯಲ್ಲೇ ಒಂದು ಕೋಲು ಕಟ್ಟಿದರೆ ಹೇಗೆ? ಇಂದಿನ ಪಾಠ ಅದರ ಬಗ್ಗೆ.

ಮೊದಲು ಮೀನನ್ನು ತಿಳಿಯಿರಿ

ಪರದೆಯ ಮೇಲೆ ಕಾಣುವ ಬಾಸ್ ಮೀನು ಉತ್ತರ ಅಮೆರಿಕದ ಸಿಹಿನೀರಿನದು. ನಮ್ಮ ಕೆರೆಗಳಲ್ಲಿ ಅದಿಲ್ಲ. ಆದರೆ ಅದರ ಸ್ವಭಾವದ ಮೀನೊಂದು ನಮ್ಮಲ್ಲೂ ಉಂಟು. ಅದೇ ಕೊರವ, ಮುರ್ರೆಲ್, ಮರಲ್ ಎಂದೂ ಕರೆಯುತ್ತಾರೆ. ಬಾಸ್‌ನಂತೆ ಇದೂ ಜೊಂಡು, ಕಳೆ, ಕಲ್ಲಿನ ಸಂದಿಯಲ್ಲಿ ಅಡಗಿ ಕುಳಿತು, ಕಪ್ಪೆಯೋ ಮರಿಮೀನೋ ಹತ್ತಿರ ಬಂದಾಗ ಒಮ್ಮೆಲೇ ಎರಗುತ್ತದೆ. ಇದಕ್ಕೆ ಗಾಳಿಯನ್ನು ನೇರವಾಗಿ ಉಸಿರಾಡುವ ಶಕ್ತಿಯುಂಟು. ಆದ್ದರಿಂದಲೇ ಆಗಾಗ ಮೇಲೆ ಬಂದು ಬಾಯಿ ತೆರೆದು ಹೋಗುತ್ತದೆ. ಸಂತೆಯಲ್ಲಿ ಬುಟ್ಟಿಯೊಳಗೆ ಬಹಳ ಹೊತ್ತು ಜೀವದಿಂದಿರುತ್ತದೆ.

ಕೆರೆಗಳಲ್ಲಿ ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ್ ಬೇರೆ ಜಾತಿಯವು. ಅವು ಬೇಟೆಗಾರ ಮೀನುಗಳಲ್ಲ. ಹಿಟ್ಟಿನ ಉಂಡೆಗೆ ಬಾಯಿ ಹಾಕುತ್ತವೆ. ಹೀಗೆ ಹಾವೇರಿಯ ಹೆಗ್ಗೆರೆಯಾಗಲಿ, ಮಾಸೂರಿನ ಬಳಿ ಕುಮುದ್ವತಿಗೆ ಕಟ್ಟಿದ ಮದಗದ ಕೆರೆಯಾಗಲಿ, ಹರಿಯುವ ತುಂಗಭದ್ರೆಯಾಗಲಿ, ನೀರು ಬೇರೆಯಾದರೆ ಮೀನು ಬೇರೆ, ಮೀನು ಬೇರೆಯಾದರೆ ಕೋಲೂ ಬೇರೆ. ಅಂಗಡಿಗೆ ಹೋಗುವ ಮುಂಚೆ "ಯಾವ ನೀರು, ಯಾವ ಮೀನು?" ಎಂದು ಕೇಳಿಕೊಳ್ಳಿ.

ಕೋಲಿನ ಎರಡು ಗುಣ

ಯಾವ ಕೋಲಿಗೂ ಎರಡು ಗುಣಗಳನ್ನು ನೋಡಬೇಕು. ಒಂದು ಬಲ: ಎಷ್ಟು ಭಾರ ತಡೆಯುತ್ತದೆ? ಇನ್ನೊಂದು ಬಾಗು: ಎಲ್ಲಿಂದ ಬಾಗುತ್ತದೆ? ತುದಿಯಲ್ಲಷ್ಟೇ ಬಾಗುವ ಕೋಲು ಚುರುಕು. ಗಾಳ ಬೇಗ ನಾಟುತ್ತದೆ. ಬುಡದವರೆಗೂ ಬಾಗುವ ಕೋಲು ಮೃದು. ತೆಳು ದಾರವನ್ನು ಹರಿಯಗೊಡುವುದಿಲ್ಲ. ಕಳೆಯ ನಡುವಿನಿಂದ ಕೊರವನನ್ನು ಎಳೆದು ತರಲು ಆರೂವರೆ ಏಳು ಅಡಿಯ, ಬಲವಾದ, ತುದಿ ಚುರುಕಾದ ಕೋಲು ಬೇಕು. ಎರೆಹುಳು ಕಟ್ಟಿ ಬೆಂಡು ನೋಡುತ್ತ ಕೂರುವ ಮಕ್ಕಳಿಗೆ ಎಂಟರಿಂದ ಹತ್ತು ಅಡಿಯ ಹಗುರ ಬಿದಿರು ಸಾಕು.

ಈ ವಿದ್ಯೆ ಕನ್ನಡ ನಾಡಿಗೆ ಹೊರಗಿನದೇನಲ್ಲ. ಭಾರತದಲ್ಲಿ ಗಾಳದ ಮೀನುಗಾರಿಕೆಯ ಬಗ್ಗೆ ಹೆಸರಾದ ಇಂಗ್ಲಿಷ್ ಪುಸ್ತಕ, ಎಚ್. ಎಸ್. ಥಾಮಸ್ ಅವರ 'ದ ರಾಡ್ ಇನ್ ಇಂಡಿಯಾ', 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದದ್ದು ದಾಖಲೆಯಾಗಿದೆ. ಅದೇ ಕಾವೇರಿ ಕಣಿವೆಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿಗೆ ಸೇರಿತು. ದಾಖಲೆಯ ಜೊತೆಗೆ ಈ ಮಾತನ್ನೂ ಮಕ್ಕಳಿಗೆ ಹೇಳಿ.

ಬಿದಿರನ್ನು ಆರಿಸುವುದು

ನಮ್ಮ ಒಣ ಕಾಡುಗಳಲ್ಲಿ ಒಳಗೆ ಬಹುಮಟ್ಟಿಗೆ ತುಂಬಿಕೊಂಡಿರುವ ಗಟ್ಟಿ ಬಿದಿರು ಬೆಳೆಯುತ್ತದೆ. ಲಾಠಿಗೆ ಬಳಸುವುದು ಇದನ್ನೇ. ಗಾಳದ ಕೋಲಿಗೂ ಇದೇ ಒಳ್ಳೆಯದು. ಕಾಡಿನಲ್ಲಿ ಕಡಿಯಲು ಹೋಗಬೇಡಿ. ಮೇದಾರರ ಬಳಿ ಕೇಳಿ ಕೊಳ್ಳಿ. ಬಿದಿರಿನ ವಯಸ್ಸನ್ನು ಅವರಷ್ಟು ಬಲ್ಲವರಿಲ್ಲ. ಒಂದು ವರ್ಷದ ಎಳೆ ಬಿದಿರು ಒಣಗಿದಾಗ ಸುಕ್ಕುಗಟ್ಟುತ್ತದೆ. ಮೂರು ವರ್ಷ ತುಂಬಿದ್ದು ಬೇಕು. ಮಳೆಗಾಲ ಕಳೆದು ಚಳಿಯಲ್ಲಿ ಕಡಿದದ್ದಾದರೆ ಅದರಲ್ಲಿ ಪಿಷ್ಟ ಕಡಿಮೆ. ಹುಳು ಕೊರೆಯುವ ಭಯವೂ ಕಡಿಮೆ.

ಬುಡ ಹೆಬ್ಬೆರಳಿಗಿಂತ ತುಸು ದಪ್ಪ, ತುದಿ ಪೆನ್ಸಿಲಿನಷ್ಟು ಸಣ್ಣ, ಗೆಣ್ಣುಗಳು ಹತ್ತಿರ ಹತ್ತಿರ ಇರಲಿ. ಬುಡ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ. ತುದಿ ಬೇಗ ಅಲುಗಾಟ ನಿಲ್ಲಿಸಿದರೆ ಕೋಲು ಒಳ್ಳೆಯದು; ಬಹಳ ಹೊತ್ತು ತೂಗಾಡಿದರೆ ಬಿಡಿ.

ತಂದ ಬಿದಿರನ್ನು ಎರಡು ಮೂರು ವಾರ ನೀರಿನಲ್ಲಿ ನೆನೆಹಾಕಿ, ಆಮೇಲೆ ಎರಡು ಮೂರು ತಿಂಗಳು ನೆರಳಿನಲ್ಲಿ ಒಣಗಿಸಿ. ತುದಿಗೆ ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿ, ಬುಡಕ್ಕೊಂದು ಕಲ್ಲು ಕಟ್ಟಿದರೆ ನೆಟ್ಟಗೆ ಒಣಗುತ್ತದೆ. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಈ ಕಾಯುವಿಕೆ ಮಕ್ಕಳಿಗೆ ಬೇಸರ ತರಬಹುದು. ಆದರೆ ಮೀನು ಹಿಡಿಯುವವನಿಗೆ ಮೊದಲು ಬೇಕಾದ ಗುಣವೇ ತಾಳ್ಮೆಯಲ್ಲವೆ?

ಕಟ್ಟುವ ಕೆಲಸ

1. ಸೊಟ್ಟ ತಿದ್ದುವುದು. ಕೆಂಡದ ಮೇಲೆ ಕೋಲನ್ನು ಆಡಿಸುತ್ತಲೇ ಕಾಯಿಸಿ. ಒಂದೇ ಕಡೆ ಹಿಡಿದರೆ ಸುಡುತ್ತದೆ. ಬಿಸಿಯಾದ ಗೆಣ್ಣನ್ನು ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಿ, ಆರುವವರೆಗೆ ಹಾಗೆಯೇ ಹಿಡಿಯಿರಿ. ಈ ಕೆಲಸ ದೊಡ್ಡವರದು.

2. ಉಜ್ಜುವುದು. ಗೆಣ್ಣಿನ ಉಬ್ಬುಗಳನ್ನು ಮಾತ್ರ ಉಪ್ಪುಕಾಗದದಿಂದ ಉಜ್ಜಿ. ಹೊರಸಿಪ್ಪೆಯನ್ನು ಹೆರೆಯಬೇಡಿ. ಬಿದಿರಿನ ಗಟ್ಟಿ ನಾರು ಹೆಚ್ಚಾಗಿರುವುದು ಹೊರಮೈಯಲ್ಲಿಯೇ. ಅದು ಹೋದರೆ ಕೋಲಿನ ಬಲವೇ ಹೋಯಿತು.

3. ಬೆನ್ನು ಗುರುತಿಸುವುದು. ಬುಡವನ್ನು ನೆಲಕ್ಕೂರಿ, ತುದಿಯನ್ನು ಬೆರಳಿನ ಮೇಲೆ ಇಟ್ಟು, ನಡುವೆ ಒತ್ತಿ ಉರುಳಿಸಿ. ಒಂದು ಕಡೆಗೆ ಕೋಲು ತಾನಾಗಿ ತಿರುಗಿ ನಿಲ್ಲುತ್ತದೆ. ಅದು ಸುಲಭವಾಗಿ ಬಾಗುವ ದಿಕ್ಕು. ಉಂಗುರಗಳನ್ನು ಈ ನೇರಕ್ಕೇ ಕಟ್ಟಿದರೆ ಮೀನು ಎಳೆದಾಗ ಕೋಲು ಕೈಯಲ್ಲಿ ತಿರುಚುವುದಿಲ್ಲ.

4. ಉಂಗುರ ಇಡುವುದು. ರೀಲು ಇಲ್ಲದ ಕೋಲಿಗೆ ತುದಿಯ ಒಂದು ಉಂಗುರವೇ ಸಾಕು. ರೀಲು ಇದ್ದರೆ ಅಡಿಗೊಂದು, ಮೇಲೊಂದು ಎಂಬುದು ಸುಲಭ ಲೆಕ್ಕ: ಏಳು ಅಡಿಗೆ ಎಂಟು, ತುದಿಯದು ಬೇರೆ. ರೀಲಿನ ಹತ್ತಿರದ್ದು ದೊಡ್ಡದು. ತುದಿಯ ಕಡೆಗೆ ಹೋದಂತೆ ಉಂಗುರವೂ ಅಂತರವೂ ಕಿರಿದಾಗಬೇಕು. ಮೊದಲು ಅಂಟುಪಟ್ಟಿಯಿಂದ ಹಚ್ಚಿ, ದಾರ ಪೋಣಿಸಿ, ಒಂದು ನೀರಿನ ಬಾಟಲಿಯನ್ನು ಎತ್ತಿ ನೋಡಿ. ದಾರ ಕೋಲಿನ ಬಾಗನ್ನೇ ಅನುಸರಿಸಬೇಕು. ಎಲ್ಲಾದರೂ ಕೋಲಿಗೆ ತಗುಲಿದರೆ ಅಲ್ಲಿನ ಉಂಗುರವನ್ನು ಸರಿಸಿ.

5. ನೂಲು ಸುತ್ತುವುದು. ಉಂಗುರದ ಪಾದವನ್ನು ಅರದಿಂದ ಚೂಪು ಮಾಡಿ. ಆಗ ನೂಲು ಸಲೀಸಾಗಿ ಮೇಲೇರುತ್ತದೆ. ನೂಲಿನ ತುದಿಯನ್ನು ಕೋಲಿನ ಮೇಲೆ ಮಲಗಿಸಿ, ಅದರ ಮೇಲೆಯೇ ಐದಾರು ಸುತ್ತು ಹಾಕಿ. ನೂಲು ಬಿಗಿಯಾಗಿರಲು ಒಂದು ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಹಾದುಬರಲಿ. ಕೊನೆಯ ಆರೇಳು ಸುತ್ತಿನ ಕೆಳಗೆ ಬೇರೊಂದು ದಾರದ ಕುಣಿಕೆ ಇಟ್ಟು ಸುತ್ತಿ, ನೂಲು ಕತ್ತರಿಸಿ, ಅದರ ತುದಿಯನ್ನು ಕುಣಿಕೆಗೆ ಪೋಣಿಸಿ ಎಳೆದುಬಿಡಿ. ತುದಿ ಸುತ್ತುಗಳ ಅಡಿಗೆ ಹೋಗಿ ಅಡಗುತ್ತದೆ. ಎಲ್ಲಿಯೂ ಗಂಟು ಕಾಣುವುದಿಲ್ಲ. ಸಣ್ಣ ಬೆರಳಿನ ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

6. ಬಣ್ಣೆ ಹಚ್ಚುವುದು. ಸುತ್ತಿದ ನೂಲಿಗೆ ವಾರ್ನಿಷ್ ಅನ್ನು ತೆಳುವಾಗಿ ಮೂರು ನಾಲ್ಕು ಸಲ, ಪ್ರತಿ ಸಲವೂ ಒಣಗಿದ ಮೇಲೆ ಹಚ್ಚಿ. ಉಳಿದ ಮೈಗೆ ಅಗಸೆ ಎಣ್ಣೆ ತಿಕ್ಕಿದರೆ ನೀರು ಹಿಡಿಯುವುದಿಲ್ಲ. ಹಿಡಿಗೆ ಹತ್ತಿಯ ಹುರಿ ಅಥವಾ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ.

ಇಷ್ಟನ್ನು ಕಲಿತವರು ಮುಂದೆ ಗಾಜುನಾರಿನ ಅಥವಾ ಕಾರ್ಬನ್ನಿನ ಬರಿಯ ಕೊಳವೆ ತರಿಸಿ ಅದಕ್ಕೂ ಉಂಗುರ ಕಟ್ಟಬಹುದು. ಕೆಲಸ ಇದೇ, ವಾರ್ನಿಷಿನ ಬದಲು ಎರಡು ಭಾಗ ಬೆರೆಸುವ ಎಪಾಕ್ಸಿ ಬಳಸುತ್ತಾರೆ. ಅದು ಗಟ್ಟಿಯಾಗುವವರೆಗೆ ಕೋಲನ್ನು ನಿಧಾನವಾಗಿ ತಿರುಗಿಸುತ್ತಿರಬೇಕು. ಇಲ್ಲವಾದರೆ ಒಂದೇ ಕಡೆ ಇಳಿದು ತೊಟ್ಟಿಕ್ಕುತ್ತದೆ.

ದಾರ, ಗಾಳ, ಬೆಂಡು

ನೈಲಾನ್ ದಾರದ ಉರುಳೆಯ ಮೇಲೆ ಅದು ಎಷ್ಟು ಭಾರಕ್ಕೆ ಹರಿಯುತ್ತದೆ ಎಂದು ಬರೆದಿರುತ್ತದೆ. ಪೌಂಡ್ ಎಂದಿದ್ದರೆ ಅರ್ಧಕ್ಕಿಂತ ತುಸು ಕಡಿಮೆ ಮಾಡಿ ಕಿಲೋ ಎಂದು ತಿಳಿಯಿರಿ. ಸಣ್ಣ ಮೀನಿಗೆ ಎರಡು ಮೂರು ಕಿಲೋದ್ದು ಸಾಕು. ಕಳೆಯಲ್ಲಿನ ಕೊರವನಿಗೆ ಹದಿನೈದು ಇಪ್ಪತ್ತು ಕಿಲೋ ತಡೆಯುವ ಹೆಣೆದ ದಾರ ಬೇಕು. ಅದು ಮೀನಿನ ಭಾರಕ್ಕಲ್ಲ, ಕಳೆಯ ಎಳೆತಕ್ಕೆ. ಗಂಟನ್ನು ಬಿಗಿಯುವ ಮುಂಚೆ ನೀರಿನಲ್ಲಿ ಒದ್ದೆ ಮಾಡಿ. ಒಣಗಂಟು ಉಜ್ಜಿ ಬಿಸಿಯಾಗಿ ನೈಲಾನ್ ಸೋಲುತ್ತದೆ.

ಗಾಳದ ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದು. ಎರೆಹುಳುವಿಗೆ 8 ಅಥವಾ 10. ಒಂದರ ಆಚೆಗೆ 1/0, 2/0, 3/0 ಎಂದು ಲೆಕ್ಕ ತಿರುಗುತ್ತದೆ. ಅಲ್ಲಿ ಅಂಕಿ ಹೆಚ್ಚಿದಷ್ಟೂ ಗಾಳ ದೊಡ್ಡದು. ಕೊರವನಿಗೆ ರಬ್ಬರಿನ ಕಪ್ಪೆಯನ್ನು ಕಳೆಯ ಮೇಲೆ ಎಸೆದು ಕುಪ್ಪಳಿಸುವಂತೆ ಎಳೆಯುತ್ತಾರೆ. ಅದರ ಗಾಳ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಕಳೆಗೆ ಸಿಗುವುದಿಲ್ಲ. ಬೆಂಡನ್ನು ಮಾತ್ರ ಹಣ ಕೊಟ್ಟು ತರಬೇಡಿ. ಒಣ ಜೋಳದ ದಂಟಿನ ಒಳಗಿನ ಬೆಂಡಿಗೆ ಮೇಣ ಸವರಿದರೆ ಆಯಿತು.

ಎಚ್ಚರ

ಇನ್ನು ಮುಂದಿನ ಮಾತುಗಳನ್ನು ತಂದೆತಾಯಂದಿರು ಎರಡು ಸಲ ಓದಬೇಕು.

ಹೊಲಕ್ಕೆಂದು ಹೂಳು ತೆಗೆದ ಕೆರೆಯಲ್ಲಿ ಮೊಣಕಾಲು ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ. ಮಳೆ ಬಂದು ತುಂಬಿದ ಮೇಲೆ ಅದು ಕಾಣುವುದಿಲ್ಲ. ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. ಗಾಳ ಸಿಕ್ಕಿಕೊಂಡರೆ ದಾರ ಕತ್ತರಿಸಬೇಕೇ ಹೊರತು ನೀರಿಗೆ ಇಳಿಯಬಾರದು ಎಂದು ಕಲಿಸಿ. ಯಾರಾದರೂ ಬಿದ್ದರೆ ಈಜು ಬಾರದವರು ಹಿಂದೆ ಹಾರಬಾರದು. ಕೋಲನ್ನೋ ಹಗ್ಗವನ್ನೋ ಚಾಚಿ ಕೂಗಬೇಕು.

ಪಂಪ್‌ಸೆಟ್ಟಿನ ತಂತಿಗಳು ಹಲವು ಕಡೆ ಜೋತುಬಿದ್ದಿವೆ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆ ಬಿದಿರೂ ಸುರಕ್ಷಿತವಲ್ಲ. ಕೋಲನ್ನು ಅಡ್ಡ ಹಿಡಿದೇ ನಡೆಯಬೇಕು. ಗುಡುಗು ಕೇಳಿದರೆ ಮನೆಗೆ ಬರಬೇಕು.

ಮಕ್ಕಳ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಆಳಕ್ಕೆ ಚುಚ್ಚಿದರೆ, ಅದರಲ್ಲೂ ಕಣ್ಣಿನ ಹತ್ತಿರವಾದರೆ, ಎಳೆಯದೆ ವೈದ್ಯರ ಬಳಿ ಹೋಗಿ. ಧನುರ್ವಾಯು ಚುಚ್ಚುಮದ್ದಿನ ವಿಚಾರ ಕೇಳಿ. ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವ ಚಾಳಿ ಬೇಡ. ಸೀಸ ವಿಷ, ಮುಟ್ಟಿದ ಕೈ ತೊಳೆಯಬೇಕು.

ಈ ಮೀನು ಯಾರದು?

ನಮ್ಮ ಬಹಳಷ್ಟು ಕೆರೆಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಹಣ ಕಟ್ಟಿ ಮರಿ ಬಿಟ್ಟವರಿಗೆ ಅದು ಆಟವಲ್ಲ, ಅನ್ನ. ಪಂಚಾಯಿತಿಯಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ವಿಚಾರಿಸಿ, ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಿ. ಕೇಳದೆ ತಂದ ಮೀನು ಸಣ್ಣದಾದರೂ ಕದ್ದದ್ದೇ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಕಾನೂನೇ ನಿಷೇಧಿಸಿತ್ತು.

ಇನ್ನೊಂದು ಮಾತು. ಮಳೆಗಾಲದಲ್ಲಿ ಕೊರವ ಮರಿ ಮಾಡುತ್ತದೆ. ಕೆಂಪು ಮರಿಗಳು ಉಂಡೆಯಾಗಿ ನೀರಿನ ಮೇಲೆ ಕುದಿಯುವಂತೆ ಆಡುತ್ತವೆ. ತಂದೆತಾಯಿ ಮೀನು ಕೆಳಗೇ ಕಾವಲಿರುತ್ತದೆ. ಅಲ್ಲಿ ಏನು ಎಸೆದರೂ ಮರಿಗೆ ಅಪಾಯವೆಂದು ಅದು ಮೇಲೆ ಬೀಳುತ್ತದೆ. ಹಸಿವಿನಿಂದಲ್ಲ, ಮಕ್ಕಳ ಮೇಲಿನ ಮಮತೆಯಿಂದ ಗಾಳ ಕಚ್ಚುತ್ತದೆ. ಅದನ್ನು ಎತ್ತಿದರೆ ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಕೆಂಪು ಉಂಡೆ ಕಂಡ ಕಡೆ ಗಾಳ ಹಾಕುವುದಿಲ್ಲ ಎಂಬ ನಿಯಮ ನಿಮ್ಮ ಮನೆಯಲ್ಲಿರಲಿ. ಹರಿದ ನೈಲಾನನ್ನೂ ದಂಡೆಯಲ್ಲಿ ಬಿಡಬೇಡಿ. ಕೊಕ್ಕರೆಯ ಕಾಲಿಗೆ ಅದೇ ಉರುಲು.

ಶುಭಸಂದೇಶಗಳ ಬೆಸ್ತರು ಬಲೆಯವರು. ಗಾಳದ ಮಾತು ಬರುವುದು ಒಂದೇ ಕಡೆ, ಮತ್ತಾಯನ 17ನೆಯ ಅಧ್ಯಾಯದಲ್ಲಿ. ದೇವಾಲಯದ ತೆರಿಗೆ ಕೊಡಬೇಕಾದಾಗ ಪೇತ್ರನು ಗಾಳ ಹಾಕಬೇಕು, ಮೊದಲು ಸಿಕ್ಕ ಮೀನನ್ನು ಎತ್ತಬೇಕು. ಅದರ ಬಾಯಲ್ಲಿದ್ದ ನಾಣ್ಯ ಇಬ್ಬರ ತೆರಿಗೆಗೆ ಸರಿಯಾಗುತ್ತದೆ. ಒಂದು ಗಾಳ, ಒಂದು ಮೀನು, ಅಷ್ಟಕ್ಕೆ ಸಾಕು. ಬುಟ್ಟಿ ತುಂಬಿಸುವ ಆಸೆ ಹುಟ್ಟಿದಾಗ ಇದನ್ನು ನೆನೆಯಿರಿ.

ಮನೆಯಲ್ಲಿ ಮಾತನಾಡಿ

1. ನಮ್ಮೂರ ಕೆರೆಯ ಮೀನಿನ ಹಕ್ಕು ಯಾರದು? ನಾವು ಕೇಳಿದ್ದೇವೆಯೇ?
2. ಕೆರೆಯಲ್ಲಿ ಗುಂಡಿಗಳಿರುವ ಜಾಗ ಮಕ್ಕಳಿಗೆ ಗೊತ್ತೇ? ಈ ಭಾನುವಾರ ಜೊತೆಗೆ ಹೋಗಿ ತೋರಿಸಬಹುದೇ?
3. ಈ ಚಳಿಗಾಲದಲ್ಲಿ ಬಿದಿರು ತಂದರೆ ಬೇಸಿಗೆಗೆ ಕೋಲು ಸಿದ್ಧ. ನೂಲು ಸುತ್ತುವವರು ಯಾರು, ವಾರ್ನಿಷ್ ಹಚ್ಚುವವರು ಯಾರು?