ಕೃತ್ತಿಕೆಯ ಆರು ತಾಯಂದಿರು

ಸಂಡೂರಿನ ಬೆಟ್ಟದಲ್ಲಿ ನೆಲೆಸಿರುವ ಶ್ರೀ ಕುಮಾರಸ್ವಾಮಿಗೆ ಹೆಸರುಗಳು ಬಹಳ. ಸ್ಕಂದ, ಗುಹ, ಷಣ್ಮುಖ, ಸುಬ್ರಹ್ಮಣ್ಯ ಎಂದೆಲ್ಲ ಭಕ್ತರು ಕರೆಯುತ್ತಾರೆ. ಕಾರ್ತಿಕೇಯ ಎಂಬ ಹೆಸರು ಮಾತ್ರ ಸಾಕಿದ ತಾಯಂದಿರಿಂದ ಬಂದದ್ದು. ಕೃತ್ತಿಕೆಯರ ಮಗ ಕಾರ್ತಿಕೇಯ. ಆ ತಾಯಂದಿರನ್ನು ಆಕಾಶದಲ್ಲಿ ಇಂದಿಗೂ ಕಣ್ಣಾರೆ ಕಾಣಬಹುದು. ಬೆಟ್ಟಕ್ಕೆ ಬಂದು ಸ್ವಾಮಿಯ ದರ್ಶನ ಮಾಡಿದವರು ಊರಿಗೆ ಹೋದ ಮೇಲೆ ಇವರ ದರ್ಶನವನ್ನೂ ಮಾಡಿದರೆ ಯಾತ್ರೆ ತುಂಬಿದಂತೆ.

ಪುರಾಣದ ಕಥೆ

ಶಿವನ ತೇಜಸ್ಸನ್ನು ಅಗ್ನಿಯೂ ಹೊರಲಾರದೆ, ಗಂಗೆಯೂ ಹೊರಲಾರದೆ ಶರವಣವೆಂಬ ಜೊಂಡಿನ ನಡುವೆ ಬಿಟ್ಟರು. ಅಲ್ಲಿ ಹುಟ್ಟಿದ ಕೂಸು ಹಸಿವಿನಿಂದ ಅಳುವಾಗ ಆರು ಮಂದಿ ಕೃತ್ತಿಕೆಯರು ಓಡಿಬಂದರು. ನಾ ಮೊದಲು, ನೀ ಮೊದಲು ಎಂದು ಎಲ್ಲರೂ ಹಾಲೂಡಿಸಲು ಮುಂದಾದರು. ಯಾರ ಮನಸ್ಸೂ ನೋಯಬಾರದೆಂದು ಕೂಸು ಆರು ಮುಖ ತಾಳಿ ಆರೂ ತಾಯಂದಿರ ಹಾಲು ಕುಡಿಯಿತು. ಷಣ್ಮುಖನಾದದ್ದು ಹೀಗೆ.

ಮಹಾಭಾರತದ ವನಪರ್ವದಲ್ಲಿ ಇದರ ಇನ್ನೊಂದು ಮುಖವಿದೆ. ಸಪ್ತರ್ಷಿಗಳ ಪತ್ನಿಯರಲ್ಲಿ ಆರು ಮಂದಿಯ ಮೇಲೆ ಸುಳ್ಳು ಅಪವಾದ ಬಂತು. ತಪ್ಪಿಲ್ಲದಿದ್ದರೂ ಗಂಡಂದಿರು ಅವರನ್ನು ಬಿಟ್ಟುಬಿಟ್ಟರು. ದಿಕ್ಕಿಲ್ಲದ ಆ ಹೆಂಗಸರು ಸ್ಕಂದನ ಬಳಿ ಬಂದಾಗ ಆತ "ಯಾರು, ಏನು" ಎಂದು ವಿಚಾರಣೆ ಮಾಡಲಿಲ್ಲ. ತಾಯಂದಿರೆಂದು ಒಪ್ಪಿಕೊಂಡ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿ ಈಗಲೂ ಸಪ್ತರ್ಷಿ ಮಂಡಲದಲ್ಲಿ ವಸಿಷ್ಠರ ಪಕ್ಕದಲ್ಲೇ ಇದ್ದಾಳೆ. ಉಳಿದ ಆರು ಮಂದಿ ದೂರದಲ್ಲಿ ಒಟ್ಟಿಗೆ ಗುಂಪಾಗಿ ಕೃತ್ತಿಕೆಯಲ್ಲಿದ್ದಾರೆ ಎಂಬುದು ಹಿರಿಯರ ನಂಬಿಕೆ.

ಆಕಾಶದಲ್ಲಿ ಗುರುತು ಹಿಡಿಯುವ ಬಗೆ

ಕಾರ್ತಿಕ ಮಾಸದ ಹುಣ್ಣಿಮೆಗೆ ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲಿ ಇರುತ್ತಾನೆ. ತಿಂಗಳಿಗೆ ಆ ಹೆಸರು ಬಂದದ್ದೇ ಅದರಿಂದ. ಆದರೆ ಅಂದು ನೋಡಹೋದರೆ ಬೆಳದಿಂಗಳಲ್ಲಿ ಸಣ್ಣ ಚುಕ್ಕಿಗಳು ಮುಳುಗಿಹೋಗಿರುತ್ತವೆ. ಹುಣ್ಣಿಮೆ ಕಳೆದು ನಾಲ್ಕೈದು ದಿನ ಬಿಟ್ಟು, ಚಂದ್ರ ಮೂಡುವ ಮುಂಚೆ, ರಾತ್ರಿ ಎಂಟರ ಹೊತ್ತಿಗೆ ನೋಡುವುದು ಒಳ್ಳೆಯದು.

1. ಪೂರ್ವಕ್ಕೆ ಮುಖ ಮಾಡಿ, ಸ್ವಲ್ಪ ಈಶಾನ್ಯದ ಕಡೆ ವಾಲಿ ನಿಲ್ಲಬೇಕು. ಮಲ್ಲಿಗೆ ಮೊಗ್ಗು ಒತ್ತಾಗಿ ಪೋಣಿಸಿದಂತೆ ಚಿಕ್ಕ ಗೊಂಚಲೊಂದು ಕಾಣುತ್ತದೆ. ಅದೇ ಕೃತ್ತಿಕೆ.

2. ಅದರ ಕೆಳಗೆ ಸ್ವಲ್ಪ ಕೆಂಪಾಗಿ ಹೊಳೆಯುವ ಒಂಟಿ ಚುಕ್ಕಿ ರೋಹಿಣಿ. ಇನ್ನೂ ಹೊತ್ತು ಕಳೆದರೆ ಅದರ ಕೆಳಗೆ ಸಾಲಾಗಿ ಮೂರು ಚುಕ್ಕಿಗಳು ಮೇಲೇಳುತ್ತವೆ. ಆ ಮೂರರಿಂದ ರೋಹಿಣಿಗೆ, ರೋಹಿಣಿಯಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಕೃತ್ತಿಕೆ ತಪ್ಪುವುದಿಲ್ಲ.

3. ಅವಸರ ಮಾಡಬಾರದು. ಕತ್ತಲಿಗೆ ಕಣ್ಣು ಹೊಂದಲು ಕಾಲು ಗಂಟೆಯಾದರೂ ಬೇಕು. ಆಮೇಲೆ ಎಣಿಸಬೇಕು. ಸಾಮಾನ್ಯರಿಗೆ ಆರು ಚುಕ್ಕಿ ಸಿಗುತ್ತವೆ. ಕಣ್ಣು ಚುರುಕಾಗಿದ್ದವರಿಗೆ ಏಳು, ಇನ್ನೂ ಹೆಚ್ಚು.

ಬಳ್ಳಾರಿ ಪಟ್ಟಣದವರಿಗೆ ಬೀದಿದೀಪಗಳ ಅಡ್ಡಿ ಇದೆ. ಊರ ಹೊರಗಿನ ಹೊಲದ ಕಡೆ ಹೋದರೆ ಆದೀತು. ಸಿರುಗುಪ್ಪದವರಿಗೆ ತುಂಗಭದ್ರೆಯ ದಂಡೆ, ಭತ್ತದ ಗದ್ದೆಯ ಬದು ಇದೆ. ಕುರುಗೋಡಿನವರಿಗೆ ಇನ್ನೊಂದು ಗುರುತು ಸುಲಭ. ಅವರ ಊರಿನಲ್ಲಿ ಒಂದೇ ಕಲ್ಲಿನ ದೊಡ್ಡ ಬಸವೇಶ್ವರ ಇದ್ದ ಹಾಗೆ ಆಕಾಶದಲ್ಲೂ ವೃಷಭವಿದೆ. ರೋಹಿಣಿ ಅದರ ಕಣ್ಣು, ಕೃತ್ತಿಕೆ ಅದರ ಹೆಗಲ ಮೇಲೆ ಕೂತಂತೆ.

ವೇದ ಮತ್ತು ವಿಜ್ಞಾನ

ತೈತ್ತಿರೀಯ ಸಂಹಿತೆಯ ನಕ್ಷತ್ರಪಟ್ಟಿ ಶುರುವಾಗುವುದೇ ಕೃತ್ತಿಕೆಯಿಂದ. ಅದರ ದೇವತೆ ಅಗ್ನಿ. ಅಲ್ಲಿ ಇವಳ ಏಳು ಹೆಸರುಗಳಿವೆ: ಅಂಬಾ, ದುಲಾ, ನಿತತ್ನಿ, ಅಭ್ರಯಂತಿ, ಮೇಘಯಂತಿ, ವರ್ಷಯಂತಿ, ಚುಪುಣೀಕಾ. ಮೊದಲನೆಯದು ತಾಯಿ. ನಡುವಿನ ಮೂರು ಮೋಡ ಕಟ್ಟುವವಳು, ಮಳೆ ಸುರಿಸುವವಳು ಎಂಬ ಅರ್ಥದವು. ನಮ್ಮ ರೈತರು ಮೇ ತಿಂಗಳ ನಡುವೆ ಎಣಿಸುವ ಕೃತ್ತಿಕೆ ಮಳೆಯೂ ಇದೇ ನಕ್ಷತ್ರದ್ದು. ಆಗ ಸೂರ್ಯ ಕೃತ್ತಿಕೆಯಲ್ಲಿ ಇರುವುದರಿಂದ ಚುಕ್ಕಿಗಳು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ದುರ್ಬೀನು ಹಿಡಿದು ನೋಡಿದವರಿಗೆ ಅಲ್ಲಿ ಹತ್ತಾರು ನಕ್ಷತ್ರಗಳು ಕಾಣುತ್ತವೆ. ಖಗೋಳ ಶಾಸ್ತ್ರಜ್ಞರ ಪ್ರಕಾರ ಆ ಗುಂಪಿನಲ್ಲಿ 1000ಕ್ಕೂ ಹೆಚ್ಚು ನಕ್ಷತ್ರಗಳಿದ್ದು, ಎಲ್ಲವೂ ಸುಮಾರು 10 ಕೋಟಿ ವರ್ಷಗಳ ಹಿಂದೆ ಒಂದೇ ಮೋಡದಿಂದ ಹುಟ್ಟಿದವು. ಹಾಗಾಗಿ ಇವರು ನಿಜಕ್ಕೂ ಅಕ್ಕತಂಗಿಯರೇ. ದೂರ ಸುಮಾರು 440 ಜ್ಯೋತಿರ್ವರ್ಷ. ಎಂದರೆ 1565ರಲ್ಲಿ ವಿಜಯನಗರ ಹಾಳಾದ ಮೇಲೆ ಇಪ್ಪತ್ತು ವರ್ಷಗಳ ಆಚೀಚೆ ಅಲ್ಲಿಂದ ಹೊರಟ ಬೆಳಕು ಈಗ ನಮ್ಮ ಅಂಗಳಕ್ಕೆ ಬಂದು ಮುಟ್ಟುತ್ತಿದೆ.

ಭಕ್ತರು ತಿಳಿಯಬೇಕಾದದ್ದು

ಸ್ವಾಮಿಯು ತಾಯಿ ಪಾರ್ವತಿಯ ಮೇಲೆ ಮುನಿಸಿಕೊಂಡು, ಕುಡಿದ ಹಾಲನ್ನೂ ಹಿಂತಿರುಗಿಸಿ ಈ ಬೆಟ್ಟಕ್ಕೆ ಬಂದ, ಆ ಹಾಲೇ ಇಲ್ಲಿನ ಬಿಳಿ ವಿಭೂತಿ ಎಂದು ಐತಿಹ್ಯ. ಪಾರ್ವತಿಯ ಗುಡಿ ಪಕ್ಕದಲ್ಲೇ ಇದೆ. ಹೆಂಗಸರು ಕುಮಾರಸ್ವಾಮಿಯ ಸನ್ನಿಧಿಯೊಳಗೆ ಹೋಗದ ಪದ್ಧತಿಯೂ ಹಿಂದಿನಿಂದ ನಡೆದುಬಂದದ್ದು. ಇದನ್ನು ಕೇಳಿ ಕೆಲವು ತಾಯಂದಿರು "ನಮ್ಮ ಮೇಲೆ ಸ್ವಾಮಿಗೆ ಯಾಕೆ ಸಿಟ್ಟು?" ಎಂದು ನೊಂದುಕೊಳ್ಳುವುದುಂಟು. ಅದಕ್ಕೆ ಉತ್ತರ ಆಕಾಶದಲ್ಲಿದೆ. ಹಾಲು ಹಿಂತಿರುಗಿಸಿದವನು ಕೃತ್ತಿಕೆಯರ ಹೆಸರನ್ನು ಹಿಂತಿರುಗಿಸಲಿಲ್ಲ. ಲೋಕ ಬಿಟ್ಟ ಹೆಂಗಸರ ಹೆಸರನ್ನೇ ತನ್ನ ಹೆಸರಾಗಿ ಹೊತ್ತುಕೊಂಡ.

ಹೆರದಿದ್ದರೂ ಮಕ್ಕಳನ್ನು ಸಾಕಿದ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅತ್ತಿಗೆ ಪ್ರತಿ ಮನೆಯಲ್ಲೂ ಇರುತ್ತಾರೆ. ಗಂಡನ ಮನೆಯಿಂದ ತಪ್ಪಿಲ್ಲದೆ ಹೊರಬಿದ್ದವರೂ ಇರುತ್ತಾರೆ. ಕಾರ್ತಿಕದ ಒಂದು ರಾತ್ರಿ ಅವರನ್ನು ಅಂಗಳಕ್ಕೆ ಕರೆದು, ಆ ಆರು ಚುಕ್ಕಿಗಳನ್ನು ತೋರಿಸಿ, ಅವರ ಪಾದಕ್ಕೆ ನಮಸ್ಕಾರ ಮಾಡಬೇಕು. ಷಣ್ಮುಖನು ಒಪ್ಪುವ ಪೂಜೆ ಅದು.

ಶುಭಂ