ಒಡೆಯುವ ಬಿಲ್ಲೆಯೇ ನಿಮ್ಮ ಕಾವಲು

ಪೇಂಟ್‌ಬಾಲ್ ಸಿಲಿಂಡರಿನ ರೆಗ್ಯುಲೇಟರಿಗೆ ಹಾರ್ಡ್‌ವೇರ್ ಅಂಗಡಿಯ ಓ-ರಿಂಗ್ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಒಳಗಿರುವುದು 4,500 ಪಿಎಸ್‌ಐ ಒತ್ತಡ; ಕಾರಿನ ಟೈರಿನಲ್ಲಿರುವುದು 30ರ ಆಸುಪಾಸು. ಅದೇ ಮಾದರಿಗೆಂದು ತಯಾರಕರು ಕೊಡುವ ರಿಪೇರಿ ಕಿಟ್ಟನ್ನೇ ತರಿಸಿಕೊಳ್ಳಿ.

ನನಗೆ ನಿಜಕ್ಕೂ ಎದೆ ಝಲ್ಲೆಂದದ್ದು ನಿಮ್ಮ ಕೊನೆಯ ಸಾಲು ಓದಿ. ಬರ್ಸ್ಟ್ ಡಿಸ್ಕ್ ಪದೇ ಪದೇ ಒಡೆಯುತ್ತದೆಂದು ಎರಡನ್ನು ಒಟ್ಟಿಗೆ ಕೂರಿಸಿದ್ದೀರಿ! ಇಂದೇ ತೆಗೆಸಿ. ಉಗುರಿಗಿಂತ ಚಿಕ್ಕದಾದ ಆ ತೆಳು ಲೋಹದ ಬಿಲ್ಲೆ ಇರುವುದೇ ಒತ್ತಡ ಮಿತಿ ಮೀರಿದಾಗ ಒಡೆದು ಗಾಳಿ ಹೊರಬಿಡಲು. ಬಿಲ್ಲೆಯನ್ನು ಹಿಡಿದಿಡುವ ಬೋಲ್ಟಿನ ತಲೆಯ ಮೇಲಿನ ಅಂಕಿ ನೋಡಿ (ಕೆ ಎಂದರೆ ಸಾವಿರ ಪಿಎಸ್‌ಐ): ಸಾಮಾನ್ಯವಾಗಿ 1.8ಕೆ ಗನ್ನಿಗೆ ಹೋಗುವ ಕಡೆಗೆ, 7.5ಕೆ ಸಿಲಿಂಡರಿನ ಕಡೆಗೆ. ಅದಲುಬದಲಾಗಕೂಡದು. 1.8ಕೆ ಮತ್ತೆ ಮತ್ತೆ ಒಡೆಯುತ್ತಿದ್ದರೆ, ಬಹುಪಾಲು ಒಳಗಿನ ಸೀಲ್ ಸವೆದಿರುತ್ತದೆ; ಬದಲಿಸಬೇಕಾದ್ದು ಅದನ್ನು.

ಗಾಳಿ ತುಂಬುವ ನಿಪ್ಪಲ್‌ಗೆ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಡಿ, ಒತ್ತಡಕ್ಕೆ ಹೊತ್ತಿಕೊಳ್ಳಬಹುದು. ಸಿಲಿಂಡರ್ ಪೂರ್ತಿ ಖಾಲಿಯಾಗದೆ ಸ್ಪಾನರ್ ಮುಟ್ಟಬೇಡಿ.